ಬೀಟ್ರೂಟ್ ಚಿತ್ರದ ಬಾಟಲಿ

ಅಕ್ಕ-ಭಾವನ ಅಂಗಡಿಯ ಹಿಂದಿನ ಕೋಣೆಯಲ್ಲಿ ತಂಗಿ ಕುದಿಯುವ ಸಕ್ಕರೆ ಪಾಕಕ್ಕೆ ಕೆಂಪು ಪುಡಿ ಹಾಕಿ ಕದಡಿದಳು. ಒಂದು ತೊಟ್ಟನ್ನು ಬಿಳಿ ತಟ್ಟೆಗೆ ಬಿಟ್ಟು ನೋಡಿದಳು. ಬಣ್ಣವೇನೋ ಸೊಗಸಾಗಿತ್ತು. ಮೊದಲು ಹಾಕುತ್ತಿದ್ದ ಬೀಟ್ರೂಟ್ ರಸ ಕುದಿದರೆ ಕಂದಾಗಿಬಿಡುತ್ತಿತ್ತು. ಒಣಗಿದ ಹುಳಗಳಿಂದ ತೆಗೆದ ಈ ಪುಡಿ ಜಪ್ಪಯ್ಯ ಅಂದರೂ ಮಾಸದು. ಶರಬತ್ತಿನ ಬಾಟಲಿಯ ಮೇಲೆ ಮಾತ್ರ ಇನ್ನೂ ಬೀಟ್ರೂಟ್ ಚಿತ್ರ, ಕೆಳಗೆ ‘ಗಿಡದ ಬಣ್ಣ ಮಾತ್ರ’.

“ಚೀಟಿ ಬದಲಾಯಿಸೋಣ ಭಾವ” ಎಂದು ಅವಳು ಮೊದಲೇ ಹೇಳಿದ್ದಳು.

“ವಿಷ ಅಲ್ಲವಲ್ಲಮ್ಮ, ಕಾನೂನು ಒಪ್ಪಿದ ಬಣ್ಣ. ಹುಳವೂ ಪ್ರಕೃತಿಯದೇ ತಾನೇ?”

“ಹೆಸರು ಬರೀಬೇಕು ಅಂತಲೂ ಕಾನೂನು ಹೇಳುತ್ತಲ್ಲ.”

“ಹುಳ ಅಂತ ಬರೆದರೆ ಯಾರು ಕುಡೀತಾರೆ? ನೀನು ಕುಡೀತೀಯಾ?”

ಅವಳು ಗಂಡ ಸತ್ತ ಮೇಲೆ ಮಗಳನ್ನು ಕರೆದುಕೊಂಡು ಈ ಮನೆ ಸೇರಿದವಳು. ಉಣ್ಣುವ ಅನ್ನ, ಮಲಗುವ ಕೋಣೆ ಎಲ್ಲ ಭಾವನದೇ. “ಉಂಡ ಮನೆಗೆ ಎರಡು ಬಗೀಬೇಡ ಕಣೆ” ಎಂದು ಅಕ್ಕನೂ ಗದರಿದ್ದಳು. ಮಾತಾಡಿದರೆ ಬೀದಿ, ಆಡದಿದ್ದರೆ ಸಂಕಟ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು.

ಅಷ್ಟರಲ್ಲಿ ಅಂಗಡಿಯ ಮುಂದೆ ಒಬ್ಬ ಹೆಂಗಸಿನ ದನಿ ಕೇಳಿತು.

“ಈ ಬೀಟ್ರೂಟ್ ಶರಬತ್ತು ಕುಡಿದು ನನ್ನ ಮಗೂಗೆ ಮುಖವೆಲ್ಲ ಊದಿಕೊಂಡು ಉಸಿರೇ ಕಟ್ಟಿತ್ತು. ಯಾವುದು ಒಗ್ಗಲಿಲ್ಲ ಅಂತ ಡಾಕ್ಟರು ಕೇಳ್ತಿದಾರೆ. ಬೀಟ್ರೂಟೇ ಇರಬೇಕು, ಮನೇಲಿ ಅದನ್ನ ತರೋದೇ ಬಿಟ್ಟೆ. ಈ ಗುಲಾಬಿ ಶರಬತ್ತಲ್ಲಿ ಬೀಟ್ರೂಟ್ ಇಲ್ಲ ತಾನೇ? ಶರಬತ್ತು ಬೇಕು ಅಂತ ಮಗೂದು ಒಂದೇ ಹಠ.”

ಭಾವ ಗುಲಾಬಿ ಬಾಟಲಿಯನ್ನು ಅವಳ ಮುಂದೆ ಸರಿಸಿದ. “ಇಲ್ಲ” ಎಂದ.

ಸುಳ್ಳಲ್ಲ ಅದು. ಬೀಟ್ರೂಟ್ ಇರಲಿಲ್ಲ, ಗುಲಾಬಿಗೂ ಹಾಕುತ್ತಿದ್ದುದು ಅದೇ ಹುಳದ ಪುಡಿ, ಸ್ವಲ್ಪ ಕಡಿಮೆ. ತಂಗಿಗೆ ತನ್ನ ಮಗಳ ಮುಖ ಕಣ್ಣಿಗೆ ಕಟ್ಟಿತು, ತಮ್ಮಿಬ್ಬರ ಒಂದೇ ಒಂದು ಟ್ರಂಕೂ ನೆನಪಾಯಿತು. ಕೈಯಲ್ಲಿದ್ದ ಬಿಳಿ ತಟ್ಟೆಯ ಸಮೇತ ಹೊರಗೆ ಬಂದಳು.

“ಒಯ್ಯಬೇಡಿ ಅಮ್ಮ. ಎರಡರಲ್ಲೂ ಇರೋದು ಹುಳದಿಂದ ತೆಗೆದ ಬಣ್ಣ. ಡಾಕ್ಟರಿಗೆ ಅದನ್ನೇ ಹೇಳಿ.”

ಆ ತಾಯಿ ಭಾವನನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ. ಬಾಟಲಿಯನ್ನು ಅಲ್ಲೇ ಇಟ್ಟು ಹೊರಟುಹೋದಳು.

“ನನ್ನ ಅನ್ನ ತಿಂದು ನನ್ನ ಹೊಟ್ಟೆಗೇ ಹೊಡೆದೆಯಲ್ಲೇ” ಎಂದ ಭಾವ, ಮೆಲ್ಲಗೆ.

ಅವಳಿಗೆ ಅಳು ಬಂತು. ಟ್ರಂಕು ತುಂಬೋಣವೆಂದು ತಿರುಗಿದರೆ, ಹಿಂದಿನ ಕೋಣೆಯಲ್ಲಿ ಅಕ್ಕ ನೆಲದ ಮೇಲೆ ಕೂತಿದ್ದಳು. ಯಾವಾಗ ಬಂದಿದ್ದಳೋ, ಎಲ್ಲ ಕೇಳಿಸಿಕೊಂಡಿದ್ದಳು. ಬಾಟಲಿಗಳನ್ನು ಬಕೆಟ್ಟಿನ ನೀರಿಗೆ ಅದ್ದಿ, ಬೀಟ್ರೂಟ್ ಚಿತ್ರವನ್ನು ಉಗುರಿನಿಂದ ಕೆರೆಯುತ್ತಿದ್ದಳು.

“ನಿಂತು ನೋಡ್ತೀಯಲ್ಲೇ” ಎಂದಳು ಅಕ್ಕ. “ಬಾ, ಒಬ್ಬಳೇ ಎಷ್ಟು ಅಂತ ಕೀಳಲಿ?”