ಕೀಳದೆ ಬಿಟ್ಟ ಗೂಟ

ಕಿರ್ಗಿಸ್ತಾನದ ಬಿಷ್ಕೆಕ್ ನಗರದ ಒಂದು ಐದಂತಸ್ತಿನ ಕಟ್ಟಡದ ಅಂಗಳದಲ್ಲಿ, ಸಾವಾದಾಗ ಹಾಕುವ ಉಣ್ಣೆಯ ಗುಡಾರ ಈ ವರ್ಷ ಮೂರನೆಯ ಸಲ ಎದ್ದಿತ್ತು. ಈ ಸಲ ಸಾಯುವ ಸರದಿ ಕುಬಾತ್‌ನದು. ಅವನೂ ಟ್ಯಾಕ್ಸಿ ಓಡಿಸುವ ತೊಕ್ತೋಸುನನೂ ಅಂಗಳದ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯರು. ದಿನಾ ನಡೆಯಿರಿ ಎಂದು ಡಾಕ್ಟರು ಇಬ್ಬರಿಗೂ ಹೇಳಿ ವರ್ಷವಾಗಿತ್ತು. ಹೋದ ಚಳಿಗಾಲದಲ್ಲಿ ಕಲ್ಲಿದ್ದಲ ಹೊಗೆ, ಆಮೇಲೆ ಉಪವಾಸದ ತಿಂಗಳು, ಆಮೇಲೆ ಮಂಡಿನೋವು, ಬೀದಿನಾಯಿ. ನೆಪಗಳನ್ನು ಇಬ್ಬರೂ ಸಿಗರೇಟಿನ ಹಾಗೆ ಹಂಚಿಕೊಂಡಿದ್ದರು.

ದಫನ್ ಮುಗಿದ ಮೇಲೆ, ಗುಡಾರ ಬಾಡಿಗೆಗೆ ಕೊಟ್ಟವನು ಅದನ್ನು ಬಿಚ್ಚಲು ತನ್ನ ತಮ್ಮನೊಡನೆ ಲಾರಿಯಲ್ಲಿ ಬಂದ. ತೊಕ್ತೋಸುನ್ ಗುಡಾರದ ಕಂಬಳಿಯ ಒಂದು ಸುರುಳಿ ಹೊತ್ತು ಲಾರಿ ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತ ಕುಸಿದು ಕೂತ.

"ನೀವ್ ಕೂತ್ಕೊಳ್ಳಿ ಅಣ್ಣಾ, ನಾವ್ ಮಾಡ್ತೀವಿ" ಎಂದು ಗುಡಾರದವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಗೂಟ ಕೀಳುತ್ತಿದ್ದ ತಮ್ಮನ ಕಡೆ ತಿರುಗಿ, "ಅದನ್ನ ಅಲ್ಲೇ ಬಿಡೋ. ಹೆಂಗಿದ್ರೂ ಮತ್ತೆ ಬರ್ಬೇಕಲ್ಲ" ಎಂದ.

ಮರುದಿನ ಬೆಳಿಗ್ಗೆ ಹೊಗೆ ಕವಿದಿತ್ತು, ಮಂಡಿ ನೋಯುತ್ತಿತ್ತು, ನಾಯಿಗಳೂ ಇದ್ದವು. ತೊಕ್ತೋಸುನ್ ಕೆಳಗಿಳಿದು ಅಂಗಳಕ್ಕೆ ಒಂದು ಸುತ್ತು ಬಂದ. ಬಗ್ಗಿ, ಎರಡೂ ಕೈಯಲ್ಲಿ ಗೂಟ ಹಿಡಿದು ಜಗ್ಗಿದ. ಅದು ಅಲುಗಲಿಲ್ಲ.

ಇನ್ನೊಂದು ಸುತ್ತು ಹೊರಟ.