ಗಂಗವ್ವನ ಖಣ

ಭೋಸರಿಯ ಆ ಫೌಂಡ್ರಿಯಲ್ಲಿ ಎಲ್ಲರ ಜೀವ ಒಂದು ಪುಟ್ಟ ಚಕ್ರದ ಕೈಯಲ್ಲಿತ್ತು. ಕಬ್ಬಿಣ ಕರಗಿಸುವ ಭಟ್ಟಿಗೆ ಸುತ್ತಿದ ತಾಮ್ರದ ಕೊಳವೆಯನ್ನು ತಣ್ಣಗಿಡುವ ನೀರು ಆ ಚಕ್ರವನ್ನು ತಿರುಗಿಸುತ್ತಲೇ ಹರಿಯಬೇಕು. ನೀರು ಕಡಿಮೆಯಾಯಿತೋ, ಚಕ್ರ ನಿಧಾನವಾಗುತ್ತದೆ. ಅದಕ್ಕೆ ಕೂಡಿಸಿದ ಫ್ಲೋ ಸ್ವಿಚ್ ತಾನಾಗಿ ಭಟ್ಟಿಯ ಕರೆಂಟು ತೆಗೆಯುತ್ತದೆ. ಇದನ್ನೆಲ್ಲ ನೋಡಿಕೊಳ್ಳುವ ಸಾಹೇಬ ಧಾರವಾಡ ಕಡೆಯ ರಘುರಾಮ. ಜಾಣ. ಜಾಣನೆಂಬ ಸೊಕ್ಕು ಜಾಣತನಕ್ಕಿಂತ ಒಂದು ಹಿಡಿ ಜಾಸ್ತಿ.

ಖಂಡೇನವಮಿಯ ಆಯುಧಪೂಜೆಗೆ ಅವನ ತಾಯಿ ತಿಪ್ಪವ್ವ ಫೌಂಡ್ರಿಗೆ ಬಂದಿದ್ದಳು. ಭಟ್ಟಿಯ ಕೆಲಸಗಾರ ಫಕೀರಪ್ಪನ ಹೆಂಡತಿ ಭೀಮವ್ವನಿಗೆ ಉಡಿ ತುಂಬಿದಳು. ಊರಲ್ಲಿ ಬಾವಿಗೆ ತುಂಬುವಂತೆ ಭಟ್ಟಿಗೆ ನೀರು ಕೊಡುವ ಟ್ಯಾಂಕಿಗೂ ತುಂಬಿದಳು: ಅಕ್ಕಿ, ಅರಿಷಿಣ ಕೊಂಬು, ಕುಪ್ಪಸಕ್ಕಾಗುವ ಗಿಣಿಹಸಿರು ಖಣ, ಎಲ್ಲವನ್ನೂ ನೀರಿಗೇ ಬಿಟ್ಟಳು.

"ಎಲ್ಲಿದ್ರೂ ಗಂಗವ್ವ ಗಂಗವ್ವನ ಅಲ್ಲೇನೋ," ಅಂದಳು. ಮಗ ನಕ್ಕು ಕೈಮುಗಿದ.

ದಸರೆ ಮುಗಿದು ಭಟ್ಟಿ ಹಚ್ಚಿದ ದಿನವೇ ಅದರ ಕರೆಂಟು ಮತ್ತೆ ಮತ್ತೆ ಹೋಗತೊಡಗಿತು. ರಘುರಾಮ ಚಕ್ರ ಬಿಚ್ಚಿ ನೋಡಿದ. ಒಂದು ಎಳೆ ಕಸವೂ ಇರಲಿಲ್ಲ.

"ಸ್ವಿಚ್ಚ ಖರಾಬ್ ಆಗ್ಯದ," ಎಂದವನೇ ಅದರ ಎರಡು ತಂತಿಗಳನ್ನು ನೇರ ಜೋಡಿಸಿಬಿಟ್ಟ. ಇನ್ನು ಚಕ್ರ ನಿಂತರೂ ಭಟ್ಟಿ ನಿಲ್ಲುವುದಿಲ್ಲ.

"ಹಿಂಗ ನಡಸಬಹುದೇನ್ರಿ ಸಾಹೇಬ್ರ?" ಫಕೀರಪ್ಪ ಅಂಜಿದ.

"ನಾ ಅದೀನಲ್ಲೋ. ನೀ ಭಟ್ಟಿ ನೋಡ್ಕೋ."

ಅವನು ನೋಡಿಕೊಂಡ. ನೀರು ಪೂರ್ತಿ ನಿಂತಿತು, ಕೊಳವೆ ಕಾದು ಒಡೆಯಿತು, ಒಳಗುಳಿದಿದ್ದ ನೀರು ಕರಗಿದ ಕಬ್ಬಿಣಕ್ಕೆ ತಾಗಿ ಭಟ್ಟಿ ಸಿಡಿಯಿತು. ಫಕೀರಪ್ಪನನ್ನು ಮನೆಯವರು ಗುರುತಿಸಿದ್ದು ಕೈಯ ಕಡಗದಿಂದ.

ಟ್ಯಾಂಕಿನೊಳಗೆ, ಪಂಪು ನೀರೆಳೆಯುವ ಬಾಯಿಗೆ ಗಿಣಿಹಸಿರು ಖಣ ಅಂಟಿಕೊಂಡಿತ್ತು. ಯಾರೂ ನೋಡುವ ಮೊದಲೇ ರಘುರಾಮ ಅದನ್ನು ಕಿತ್ತು ಕಿಸೆಗೆ ತುರುಕಿದ. ತಂತಿ ಜೋಡಿಸಿದವರು ಯಾರೆಂದು ವಿಚಾರಣೆಯಲ್ಲಿ ಕೇಳಿದರು. "ಫಕೀರಪ್ಪ," ಎಂದ ರಘುರಾಮ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ ಹಿರಿಯರು. ಎಲ್ಲಿಯ ಮಾತು! ಮಾಡಿದವನು ಮನೆಗೆ ಹೋಗಿ ಬಿಸಿ ರೊಟ್ಟಿ ಉಂಡ. ಕಿಸೆಯಲ್ಲಿ ಸಿಕ್ಕ ಖಣದ ಬಗ್ಗೆ ತಾಯಿ ಕೇಳಿದರೆ, "ಗಂಗವ್ವನ ಪ್ರಸಾದ" ಅಂದ. ಅವಳು ಅದನ್ನು ಒಗೆದು ಮಡಚಿಟ್ಟಳು.

ಗಂಡನ ದಿನಕರ್ಮ ಮುಗಿಸಿಕೊಂಡು ಭೀಮವ್ವ ರಘುರಾಮನ ಮನೆಗೆ ಬಂದಳು.

"ನಮ್ಮ ಮನಿಯವ್ರು ತಮ್ಮದ ತಪ್ಪಿಂದ ಸತ್ರು ಅಂತ ಮಂದಿ ಅಂತಾರ್ರಿ. ಮಗಳು ಸಾಲಿಗೆ ಹೋಗಾಕ ಒಲ್ಲೆ ಅಂತಾಳ. ನೀವು ಅಲ್ಲೇ ಇದ್ರಿ. ಅವ್ರು ತಂತಿ ಮುಟ್ಟಿಲ್ಲ ಅಂತ ಒಂದ ಮಾತು ಹೇಳ್ರಿ."

"ಕಣ್ಣಾರೆ ನೋಡೀನಿ ಭೀಮವ್ವ. ಅವನ ಜೋಡಿಸಿದ್ದು."

ಭೀಮವ್ವ ಎದ್ದಳು. ತಿಪ್ಪವ್ವ ರೂಢಿಯಂತೆ ಅಕ್ಕಿ, ಖಣ ಇಟ್ಟ ತಾಟು ತಂದಳು. ಭೀಮವ್ವನೂ ರೂಢಿಯಂತೆ ಸೆರಗು ಒಡ್ಡಿದಳು. ಆಗ ತಿಪ್ಪವ್ವನ ಕಣ್ಣು ಆ ಬರಿ ಹಣೆಗೆ ಬಿತ್ತು. ವಿಧವೆಗೆ ಉಡಿ ಇಲ್ಲ. ಕೈ ಹಿಂದಕ್ಕೆ ಬಂತು. ಭೀಮವ್ವ ನಾಚಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮರತೆ ನಮ್ಮವ್ವ," ಎಂದು ತಿಪ್ಪವ್ವ ಅತ್ತಳು. "ಖಣ ಅಷ್ಟ ಒಯ್ಯಿ, ಮಗಳಿಗೆ ಕುಪ್ಪಸ ಹೊಲಿಸು. ಗಂಗವ್ವನ ಪ್ರಸಾದ ಅದ, ಕಾಯ್ತಾಳ."

ಭೀಮವ್ವ ಆ ಗಿಣಿಹಸಿರು ಖಣವನ್ನು ಕಣ್ಣಿಗೊತ್ತಿಕೊಂಡಳು. "ನಿಮ್ಮ ಮನಿ ತಣ್ಣಗಿರ್ಲಿರಿ," ಎಂದು ಹೊರಟಳು.

ಮನೆಯಲ್ಲಿದ್ದ ಒಂದೇ ಒಂದು ಸಾಕ್ಷಿ ಮೆಟ್ಟಿಲಿಳಿದು ಹೋಗುವುದನ್ನು ರಘುರಾಮ ನೋಡಿದ. ಎದೆ ಹಗುರಾಯಿತು. ತಾಯಿಗೆ ಚಹಾ ಇಡಲು ಹೇಳಿದ.