ಟೇಪಿಗೆ ಏರದ ಹೆಸರು

ಹೊಸ ಯಂತ್ರಕ್ಕೆ ಬದುಕಿದ್ದವರು ಗೊತ್ತು, ಸತ್ತವರು ಗೊತ್ತು. ನಡುವೆ ನಿಂತವರ ಸಂಗತಿ ಅದಕ್ಕೆ ತಿಳಿಯದು. ಎಪ್ಪತ್ಮೂರನೆಯ ಇಸವಿಯ ಆ ವಾರ, ಮುಂಬಯಿಯ ವಿಲೆ ಪಾರ್ಲೆಯ ಆಫೀಸಿನಲ್ಲಿ ಕಾಂದಿವಲಿ ಬಣ್ಣದ ಕಾರ್ಖಾನೆಯ ಕೆಲಸಗಾರರ ತೂತು ಕಾರ್ಡುಗಳನ್ನೆಲ್ಲ ಹೊಸ ಕಂಪ್ಯೂಟರಿನ ಟೇಪಿಗೆ ಏರಿಸುತ್ತಿದ್ದರು. ಆಳಿಗೊಂದು ಕಾರ್ಡು. ಎಲ್ಲವನ್ನೂ ಗಬಗಬನೆ ನುಂಗಿದ ಯಂತ್ರ ಒಂದನ್ನು ಮಾತ್ರ ಹೊರಗೆ ಹಾಕಿತು. ಅದು ಶೇಖರನದು. ಕಾರ್ಡುಗಳಿಗೆ ತೂತು ಒತ್ತುವ ಮೋಹಿನಿಯ ಅಣ್ಣ ಅವನು.

"ವರ್ಷಗಟ್ಟಲೆ ಹಾಜರಿಯೇ ಇಲ್ಲ. ರಜೆಯೋ, ತೀರಿಕೊಂಡನೋ? ಯಾವುದಾದರೂ ಒಂದು ಗುರುತು ಒತ್ತಿ ಕೊಡು, ಇಲ್ಲವಾದರೆ ನಾಡಿದ್ದಿನ ಹೊಸ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ," ಎಂದರು ಸಾಹೇಬರು.

ಕೆಲವು ವರ್ಷಗಳ ಹಿಂದೆ ಶೇಖರ ಒಂದು ಮಳೆಗಾಲದ ಭಾನುವಾರ ಗೆಳೆಯರ ಜೊತೆ ಸಮುದ್ರಕ್ಕಿಳಿದವನು ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಉಡುಪಿ ಕಡೆಯ ಅವರ ಮನೆತನದಲ್ಲಿ, ಸತ್ತವರನ್ನು ಹೆಸರು ಹಿಡಿದು ಮನೆಯೊಳಗೆ ಕರೆದು ಎಲೆ ಹಾಕಿ ಬಡಿಸಬೇಕು. ಅಲ್ಲಿಯವರೆಗೆ ಜೀವ ಹೊರಗೆ ಹಸಿದು ನಿಂತಿರುತ್ತದೆ. ತಾಯಿ ಶೀಲಾವತಿ ಅದಕ್ಕೆ ಬಿಡಲಿಲ್ಲ. "ಬದುಕಿದವನನ್ನು ಯಾರಾದರೂ ಹಾಗೆ ಕರೆಯುತ್ತಾರಾ?" ಎಂದು ಬಾಗಿಲಿಗೆ ಅಡ್ಡ ಕೂತಿದ್ದಳು. ಹೆತ್ತ ಕರುಳಿನೊಂದಿಗೆ ವಾದಿಸುವವರು ಯಾರು? ಮೋಹಿನಿಯೂ ಅಣ್ಣನ ಕಾರ್ಡನ್ನು ಪ್ರತಿ ತಿಂಗಳು ಕಟ್ಟಿನೊಳಗೆ ಸೇರಿಸುತ್ತ ಬಂದಳು. ಹಳೆಯ ಯಂತ್ರ ಪಾಪದ್ದು, ಕೊಟ್ಟ ಹೆಸರನ್ನು ತೆಪ್ಪಗೆ ಗೇಟಿನ ಹಾಜರಿ ಪಟ್ಟಿಯಲ್ಲಿ ಅಚ್ಚು ಹಾಕುತ್ತಿತ್ತು.

ರಜೆ ಎಂದು ಬರೆಸಿಕೊಳ್ಳೋಣವೆಂದು ಅವಳು ಕಾಂದಿವಲಿಗೆ ಓಡಿದಳು. ಗೇಟಿನಲ್ಲಿ ಹಾಜರಿ ಕೂಗುವ ಮುಕಾದಮ ಗುರಲಿಂಗಪ್ಪ, ವಿಜಾಪುರದ ಕಡೆಯವನು, ಮಾತು ಕೇಳಿ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ರಜಾ ಅಂತ ಹ್ಯಾಂಗ ಹೇಳ್ಲಿ ತಂಗಿ? ದಿನಾ ಬರ್ತಾನಲ್ಲ."

"ಯಾರು?"

"ನಿಮ್ಮಣ್ಣ. ಹಾಳ್ಯಾಗ ಹೆಸರ ಇದ್ದಮ್ಯಾಲ ನಾ ಕೂಗಾಕಬೇಕು. ಕೂಗ್ತೀನಿ. ಓ ಅನ್ನೂದಿಲ್ಲ. ಖರೆ, ಸಾಲಿನಾಗಿನ ಮಂದಿ ತಾವ ಸರದು ಒಬ್ಬಾಂವ ನಿಂದ್ರೂವಷ್ಟು ಜಾಗಾ ಬಿಡ್ತಾರ. ಉಪ್ಪನೀರಿನ ವಾಸನಿ ಬರ್ತೈತಿ. ಗೇಟ್ ದಾಟಿ ಒಳಗ ಮಾತ್ರ ಬರಂಗಿಲ್ಲ."

ಮೋಹಿನಿ ಗೇಟಿನ ಹೊರಗಿನ ನೆಲವನ್ನೇ ನೋಡಿದಳು. ಪ್ರೀತಿ ಎಂದುಕೊಂಡು ಇಷ್ಟು ವರ್ಷ ತಾನು ಮಾಡಿದ್ದೇನು? ಅಣ್ಣನನ್ನು ಪರರ ಬಾಗಿಲಿಗೆ ದಿನವೂ ಕರೆಸಿ, ಒಂದು ತುತ್ತು ಕೊಡದೆ ನಿಲ್ಲಿಸಿದ್ದು. ನಾಡಿದ್ದಿನಿಂದ ಗೇಟಿನಲ್ಲೂ ಕರೆಯುವವರಿಲ್ಲ, ಮನೆಯಲ್ಲೂ ಇಲ್ಲ. ಆಮೇಲೆ ಅವನು ಎಲ್ಲಿಗೆ ಹೋಗಬೇಕು? ಹಳೆಯ ಪಟ್ಟಿ ಉಳಿದದ್ದು ಇನ್ನೊಂದೇ ಬೆಳಗಿಗೆ.

ಮರುದಿನ ಅವಳು ಗೇಟಿನ ಪಕ್ಕ ನಿಂತಳು. ಗುರಲಿಂಗಪ್ಪ ಹೆಸರುಗಳನ್ನು ಕೂಗುತ್ತ ಬಂದ. "ಶೇಖರಾ!" ಅಂದ. ಸಾಲು ಮೆಲ್ಲನೆ ಬಿಚ್ಚಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮೋಹಿನಿ ಆ ಖಾಲಿ ಜಾಗದ ಎದುರಿಗೆ ಹೋದಳು. "ಅಣ್ಣಾ, ಇಲ್ಲಿ ನಿಲ್ಲುವುದು ಬೇಡ. ಮನೆಗೆ ಹೋಗುವ," ಎಂದಳು. ಕಾಲ ಬಳಿ ತಣ್ಣನೆಯ ಗಾಳಿ ಸುಳಿಯಿತು. ಅವಳು ಸ್ಟೇಷನ್ನಿನ ಕಡೆ ನಡೆದಳು. ಹಿಂದೆ ಸಾಲು ಮುಚ್ಚಿಕೊಂಡಿತು.

ಮನೆಯಿದ್ದ ಜೋಗೇಶ್ವರಿಗೆ ಲೋಕಲ್ ರೈಲು ಹಿಡಿದು, ಇಳಿದು, ಸಾಲುಮನೆಗಳ ಚಾಳಿನ ಮೆಟ್ಟಿಲು ಹತ್ತುವವರೆಗೂ ಅವಳಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ತಾಯಿಗೆ ಏನು ಹೇಳುವುದು? ಹೇಳಿದರೆ ನಂಬುತ್ತಾಳೆಯೇ? ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಶೀಲಾವತಿ ತಲೆಯೆತ್ತಿ, "ಆಫೀಸಿಲ್ಲವಾ ನಿನಗೆ?" ಎಂದು ಗದರಿದವಳು ಆರಿಸುವುದನ್ನು ನಿಲ್ಲಿಸಿದಳು. ಅವಳ ಕಣ್ಣು ಮಗಳ ಮೇಲಿರಲಿಲ್ಲ. ಮಗಳನ್ನು ದಾಟಿ, ಚಾಳಿನ ಪಡಸಾಲೆಯಲ್ಲಿ ಎಲ್ಲೋ ನೆಟ್ಟಿತ್ತು.

"ಎಷ್ಟು ಸೊರಗಿದ್ದಾನೆ..." ಎಂದಳು.

ಮೊರ ಕೆಳಗಿಟ್ಟು ಒಳಗೆ ಹೋದಳು. ಎಲೆ ಹಾಸಿ ಅನ್ನ, ಮೀನಿನ ಸಾರು ಬಡಿಸಿದಳು. ಮತ್ತೆ ಹೊಸ್ತಿಲಿಗೆ ಬಂದು, ಮೋಹಿನಿಯನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟು ನಿಂತಳು.

"ಶೇಖರಾ, ಒಳಗೆ ಬಾ ಮಗಾ."